ಲಂಡನ್ನಿನಲ್ಲಿ ಹಾಯಿದೋಣಿ ಎಲ್ಲಿ ಕಟ್ಟೋದು? ನನ್ನ ಓಟು ಲೈಮ್‌ಹೌಸಿಗೆ

ಮೊದಲೇ ಹೇಳಿಬಿಡುತ್ತೇನೆ, ಥೇಮ್ಸ್ ದಡದ ಮರೀನಾಗಳಲ್ಲಿ, ಅಂದರೆ ದೋಣಿ ಕಟ್ಟಿ ತಂಗುವ ತಾಣಗಳಲ್ಲಿ, ನಾನು ಲೈಮ್‌ಹೌಸ್ ಪಕ್ಷ. ಸೇಂಟ್ ಕ್ಯಾಥರೀನ್ ಡಾಕ್ಸ್‌ನ ಚೆಂದಕ್ಕೆ ಮರುಳಾದವರೂ ಸೌತ್ ಡಾಕ್ ಬಿಟ್ಟು ಕದಲದವರೂ ನಮ್ಮ ಗೆಳೆಯರಲ್ಲೇ ಇದ್ದಾರೆ. ಮೂರರಲ್ಲೂ ರಾತ್ರಿ ಕಳೆದ ಮೇಲೆ ಹೇಳುತ್ತಿರುವ ಮಾತು ಇದು. ನಮ್ಮದು ಮೂವರು ಸೇರಿ ಕೊಂಡ ಒಂಬತ್ತು ಮೀಟರಿನ ಹಳೆಯ ಹಾಯಿದೋಣಿ. ವಾಸ ಕೆಂಟ್‌ನ ಮೆಡ್‌ವೇ ನದಿಯಲ್ಲಿ. ಎಂಜಿನ್ ಜೋರಿನದಲ್ಲ, ಜೇಬೂ ಆಳದ್ದಲ್ಲ.

ಮರೀನಾ ಆರಿಸುವಾಗ ಎಲ್ಲರೂ ಶವರ್, ವಿದ್ಯುತ್, ವೈಫೈ ಕೇಳುತ್ತಾರೆ. ಅವು ಎಲ್ಲ ಕಡೆಯೂ ಇವೆ. ಕೇಳಬೇಕಾದ್ದು ಒಂದೇ: ಲಾಕಿನ (ಒಳಗಿನ ನೀರು ನದಿಗೆ ಇಳಿದುಹೋಗದಂತೆ ತಡೆಯುವ ಕಟ್ಟೆಯ) ಬಾಗಿಲು ಯಾವಾಗ ತೆಗೆಯುತ್ತದೆ?

ನಮ್ಮ ಕಾರವಾರದ ಕಡೆ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರ ಎರಡು ಮೀಟರಿನ ಆಸುಪಾಸು. ಲಂಡನ್ ಬ್ರಿಡ್ಜ್ ಹತ್ತಿರ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಅದು ಆರೂವರೆ ಮೀಟರ್ ಮುಟ್ಟುತ್ತದೆ. ಥೇಮ್ಸ್‌ಗೆ ನೇರ ತೆರೆದುಕೊಂಡ ಡಾಕ್ ಆದರೆ ದಿನಕ್ಕೆ ಎರಡು ಸಲ ದೋಣಿ ಕೆಸರಿನ ಮೇಲೆ ಕೂರಬೇಕಾದೀತು. ಅದಕ್ಕೇ ಮೂರಕ್ಕೂ ಲಾಕ್. ಸೇಂಟ್ ಕ್ಯಾಥರೀನ್‌ನಲ್ಲಿ ಉಬ್ಬರದ ತುದಿಗೆ ಎರಡು ಗಂಟೆ ಮೊದಲು ಬಾಗಿಲು ತೆಗೆದರೆ, ತುದಿ ದಾಟಿ ಒಂದೂವರೆ ಗಂಟೆಗೆ ಮುಚ್ಚುತ್ತದೆ. ಅಷ್ಟರೊಳಗೆ ತಲುಪಿದವರು ಒಳಗೆ.

ಮೆಡ್‌ವೇಯಿಂದ ಹೊರಟವರು ಸಾಮಾನ್ಯವಾಗಿ ಹಿಂದಿನ ರಾತ್ರಿ ಮೆಡ್‌ವೇ ಬಾಯಿಯ ಹತ್ತಿರದ ಕ್ವೀನ್‌ಬರೋದಲ್ಲಿ ತಂಗಿ, ಇಳಿತ ಮುಗಿದು ನೀರು ಏರತೊಡಗಿದ ಕೂಡಲೇ ಹೊರಡುತ್ತಾರೆ. ಅಲ್ಲಿಂದ ಲಂಡನ್ನಿಗೆ ಸುಮಾರು 40 ನಾಟಿಕಲ್ ಮೈಲಿ. ಏರುವ ನೀರು ಬೆನ್ನಿಗೆ ನಿಂತು ತಳ್ಳಿಕೊಂಡು ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದಾಗ ಲಂಡನ್ನಿನಲ್ಲಿ ಉಬ್ಬರದ ತುದಿ ಯಾವಾಗಲೂ ಮಧ್ಯಾಹ್ನ ಎರಡು-ಮೂರರ ಸುಮಾರಿಗೆ ಬರುತ್ತದೆ, ಮತ್ತೊಂದು ನಡುರಾತ್ರಿ ಕಳೆದ ಮೇಲೆ. ಅಷ್ಟಮಿ ಹತ್ತಿರವಾದರೆ ಬೆಳಗ್ಗೆ ಮತ್ತು ರಾತ್ರಿ ಎಂಟು-ಒಂಬತ್ತಕ್ಕೆ. ಆಗ ಹೋಗಬೇಕೆಂದರೆ ನಡುರಾತ್ರಿ ಕಳೆದು ಕತ್ತಲಲ್ಲಿ ಹೊರಡಬೇಕು, ಇಲ್ಲವೇ ಕತ್ತಲಾದ ಮೇಲೆ ತಲುಪಬೇಕು. ಹಾಗಾಗಿ ನಮ್ಮ ಲಂಡನ್ ಪ್ರವಾಸದ ತಾರೀಖು ಗೊತ್ತುಮಾಡುವುದು ಅಡುಗೆಮನೆಯಲ್ಲಿ ತೂಗುವ ಕನ್ನಡ ಕ್ಯಾಲೆಂಡರು. ಗೆಳೆಯರು ನಗುತ್ತಾರೆ, ಆದರೆ ಟೈಡ್ ಟೇಬಲ್ ತೆರೆಯುವ ಮೊದಲು ಅವರೂ ಅದನ್ನೇ ನೋಡುತ್ತಾರೆ.

ಈಗ ಕಾಡಿದ ಸಂಗತಿ. ಒಂದು ಸಲ ಸೇಂಟ್ ಕ್ಯಾಥರೀನ್‌ಗೆ ಹೊರಟಿದ್ದೆವು, ತಿಥಿ ಸರಿಯಾಗಿತ್ತು, ಹೊರಟ ಹೊತ್ತೂ ಸರಿಯಾಗಿತ್ತು. ಆದರೆ ಗ್ರೇವ್ಸೆಂಡ್ ದಾಟುತ್ತಲೇ ಪಡುವಣ ಗಾಳಿ ಮುಖಕ್ಕೆ ಬಡಿಯತೊಡಗಿತು. ನೀರು ಮೇಲಕ್ಕೆ, ಗಾಳಿ ಕೆಳಕ್ಕೆ. ಎರಡೂ ಎದುರುಬದುರಾದಾಗ ಮೋಟುಮೋಟಾಗಿ ಎದ್ದ ಅಲೆಗಳಲ್ಲಿ ನಮ್ಮ ಎಂಜಿನ್ ಏದುಸಿರು ಬಿಟ್ಟಿತು. ಮಾರ್ಗರೆಟ್‌ನೆಸ್‌ನಲ್ಲಿ ರೇಡಿಯೋದ ಚಾನೆಲ್ 14ರಲ್ಲಿ ನದಿ ಸಂಚಾರ ನೋಡಿಕೊಳ್ಳುವ ಲಂಡನ್ ವಿಟಿಎಸ್‌ಗೆ ಹೇಳಿ, ಪ್ರವಾಹ ತಡೆಯುವ ಥೇಮ್ಸ್ ಬ್ಯಾರಿಯರ್‌ನಲ್ಲಿ ಹಸಿರು ಬಾಣ ತೋರಿದ ಕಿಂಡಿಯಲ್ಲಿ ನುಸುಳಿ, ಟವರ್ ಬ್ರಿಡ್ಜ್ ಕಣ್ಣಿಗೆ ಬೀಳುವಷ್ಟರಲ್ಲಿ ಬಾಗಿಲು ಮುಚ್ಚಿಯಾಗಿತ್ತು. ಯಾರದೂ ತಪ್ಪಲ್ಲ; ನೀರು ಇಳಿಯಿತು, ಲಾಕ್ ಮುಚ್ಚಿತು. ಮುಂದಿನ ಉಬ್ಬರ ಬೆಳಗಿನ ಜಾವ, ಆ ಹೊತ್ತಿನಲ್ಲಿ ಲಾಕ್ ನಡೆಸುವುದಿಲ್ಲ. ಅದರ ಮುಂದಿನದು ಮರುದಿನ ಮಧ್ಯಾಹ್ನ. ಅಂದರೆ ಹೆಚ್ಚೂಕಡಿಮೆ ಒಂದು ದಿನ ಹೊರಗೇ.

ಹೊರಗೆ ಕಾಯುವವರಿಗೆ ದೋಣಿ ಕಟ್ಟಲು ನದಿಯಲ್ಲಿ ತೇಲುವ ಬೋಯಾಗಳಿವೆ. ಕಟ್ಟಿದೆವು. ನದಿಯ ಆ ಭಾಗದಲ್ಲಿ ಪ್ರಯಾಣಿಕರ ವೇಗದ ದೋಣಿಗಳು ಒಂದರ ಹಿಂದೊಂದು. ಒಂದು ಹೋದ ಮೇಲೆ ಅಲೆ ಬಂದು ದೋಣಿಯನ್ನು ಒಂದು ಮಗ್ಗುಲಿಗೆ ಮಲಗಿಸುತ್ತದೆ. ಅದೇ ಅಲೆ ಎದುರಿನ ಕಲ್ಲುಗೋಡೆಗೆ ಬಡಿದು ವಾಪಸ್ ಬಂದು ಇನ್ನೊಂದು ಮಗ್ಗುಲಿಗೆ ಮಲಗಿಸುತ್ತದೆ. ನೆಟ್ಟಗಾಗುವಷ್ಟರಲ್ಲಿ ಮುಂದಿನ ದೋಣಿ ಹಾಜರ್. ಒಲೆಯ ಮೇಲಿನ ಸಾರು ನೆಲಕ್ಕೆ ಹೋಯಿತು. ಅನ್ನ ಉಳಿಯಿತು, ಉಪ್ಪಿನಕಾಯಿ ಇತ್ತು. ಕಚೇರಿ ಬಿಟ್ಟವರ ದೋಣಿಗಳು ನಿಂತವು ಅನ್ನುವಾಗ ಪಾರ್ಟಿ ದೋಣಿಗಳು ಶುರುವಾದವು, ಹಾಡು ಕುಣಿತ ಸಮೇತ. ತಡರಾತ್ರಿ ಎಲ್ಲ ನಿಶ್ಶಬ್ದವಾದ ಮೇಲೆ ನೀರಿನ ದಿಕ್ಕು ತಿರುಗಿ, ದೋಣಿಯೂ ತಿರುಗಿ, ಬೋಯಾ ನಮ್ಮ ಮೈಗೆ ಡಬ್ ಡಬ್ ಎಂದು ಗುದ್ದತೊಡಗಿತು. ನಿದ್ದೆ ಬಂದವನು ನಮ್ಮಲ್ಲಿ ಒಬ್ಬನೇ, ಅವನು ರೈಲಿನ ಮೇಲಿನ ಬರ್ತಿನಲ್ಲೂ ಗೊರಕೆ ಹೊಡೆಯುವ ಆಸಾಮಿ.

ಒಳಗೆ ಹೋದ ಮೇಲೆ ಸೇಂಟ್ ಕ್ಯಾಥರೀನ್ ಚೆಂದವೇ, ಸುಳ್ಳು ಹೇಳಬಾರದು. ಟವರ್ ಆಫ್ ಲಂಡನ್ ಕಾಲ್ನಡಿಗೆಯಲ್ಲಿ, ಟವರ್ ಹಿಲ್ ಟ್ಯೂಬ್ ಸ್ಟೇಷನ್ ಅದರಾಚೆ. ಥಾಮಸ್ ಟೆಲ್ಫರ್ಡ್ ವಿನ್ಯಾಸ ಮಾಡಿದ ಡಾಕ್ ಇದು, 1828ರಲ್ಲಿ ತೆರೆದದ್ದು. ಅದಕ್ಕಾಗಿ ಸಾವಿರಕ್ಕೂ ಹೆಚ್ಚು ಮನೆ ಕೆಡವಿ ಸುಮಾರು 11,000 ಜನರನ್ನು ಎಬ್ಬಿಸಿದರು. ದಂತ ದಾಸ್ತಾನಿದ್ದ ಐವರಿ ಹೌಸ್ ಈಗ ಅಂಗಡಿ, ಫ್ಲಾಟುಗಳ ಕಟ್ಟಡ. ಬಾಡಿಗೆ ಮೂರರಲ್ಲೂ ಹೆಚ್ಚು. ಅದಕ್ಕಿಂತ ನನಗೆ ಒಗ್ಗದ್ದು ಪ್ರವಾಸಿಗರ ಕಣ್ಣು. ಒಗ್ಗರಣೆ ಸಿಡಿಸಿದರೆ ದಂಡೆಯ ಮೇಲೆ ನಾಲ್ಕು ಜನ ಫೋನ್ ಹಿಡಿದು ನಿಂತಿರುತ್ತಾರೆ. ಟವೆಲ್ ಒಣಹಾಕಲೂ ಸಂಕೋಚ.

ಸೌತ್ ಡಾಕ್ ನದಿಯ ಆಚೆ ದಡದ ರೋದರ್‌ಹೈತ್‌ನಲ್ಲಿದೆ, ಸದರ್ಕ್ ಕೌನ್ಸಿಲ್ ನಡೆಸುವುದು. ನಾವು ಕೊಟ್ಟ ಲೆಕ್ಕದಲ್ಲಿ ಅಗ್ಗ. ದೋಣಿಯಲ್ಲೇ ಸಂಸಾರ ಹೂಡಿದವರು ಬಹಳ. ಕ್ರೇನ್, ರಿಪೇರಿ ಯಾರ್ಡ್ ಎಲ್ಲ ಇದೆ. ದೋಣಿಗೆ ಕೆಲಸವಿದ್ದರೆ ಅಲ್ಲಿಗೇ ಹೋಗಿ. ಊರು ನೋಡಲು ಬಂದವರಿಗೆ ಸಂಜೆ ಸ್ವಲ್ಪ ಬೇಸರ. ಲಾಕಿನ ತಾಪತ್ರಯ ಇಲ್ಲೂ ಇದ್ದೇ ಇದೆ.

ಲೈಮ್‌ಹೌಸ್‌ನ ಲಾಕ್ ಉಬ್ಬರದ ತುದಿಯನ್ನು ಇಷ್ಟು ಬಿಗಿಯಾಗಿ ಹಿಡಿದು ಕೂರುವುದಿಲ್ಲ, ಹೆಚ್ಚು ಹೊತ್ತು ಸಿಗುತ್ತದೆ. ಆದರೆ ಒಂದು ದಿನ ಮೊದಲೇ ತಿಳಿಸಿ ಹೊತ್ತು ಗೊತ್ತುಮಾಡಿಕೊಳ್ಳಬೇಕು, ರಾತ್ರಿ ಇಲ್ಲೂ ಇಲ್ಲ. ಇದರ ಕಿರಿಕಿರಿ ಬೇರೆ: ಲಾಕಿನ ಬಾಯಿಗೆ ಅಡ್ಡಲಾಗಿ ನದಿ ಓಡುತ್ತಿರುತ್ತದೆ. ನೇರ ಗುರಿಯಿಟ್ಟು ಹೋದರೆ ಮೂತಿ ಒಳಗೆ ನಿಂತ ನೀರಿನಲ್ಲಿ, ಹಿಂಭಾಗ ಹೊರಗೆ ಹರಿವಿನಲ್ಲಿ. ದೋಣಿ ಗಿರ್ರನೆ ತಿರುಗಿ ಗೋಡೆಗೆ. ನಾವು ಮಾಡುವುದು: ಬಾಯಿ ದಾಟಿ ಹೋಗಿ, ತಿರುಗಿಸಿ ಹರಿವಿಗೆ ಎದುರಾಗಿ, ಓರೆಯಾಗಿ ಜಾರುತ್ತ ಬಂದು, ಕೊನೆಗೆ ಎಂಜಿನ್‌ಗೆ ಜೋರು ಕೊಟ್ಟು ನುಗ್ಗುವುದು. ಎರಡೂ ಮಗ್ಗುಲಿಗೆ ಫೆಂಡರ್ (ಗೋಡೆಯ ಪೆಟ್ಟು ತಡೆಯುವ ಮೆತ್ತೆ) ಇಳಿಬಿಟ್ಟಿರಬೇಕು. ಉಬ್ಬರದ ತುದಿಯಲ್ಲಿ ನೀರು ನಿಂತಾಗ ಬಂದರೆ ಇಷ್ಟೆಲ್ಲ ಸರ್ಕಸ್ ಬೇಡ. ಎರಡು ನಿಮಿಷದ ಎದೆಬಡಿತ ಇಡೀ ರಾತ್ರಿಯ ಬೋಯಾಗಿಂತ ವಾಸಿ.

ಒಳಗೆ ಅಗಲವಾದ ಬೇಸಿನ್. 1820ರಲ್ಲಿ ರೀಜೆಂಟ್ಸ್ ಕೆನಾಲ್ ಡಾಕ್ ಎಂದು ಶುರುವಾದದ್ದು. ಕಾಲುವೆ ಈಗಲೂ ಇಲ್ಲಿಂದಲೇ ಹೊರಡುತ್ತದೆ. ಬೆಳಗಿನ ಕಾಫಿ ಮುಗಿಸಿ ಅದರ ದಂಡೆ ಹಿಡಿದು ವಿಕ್ಟೋರಿಯಾ ಪಾರ್ಕಿನ ತನಕ ನಡೆಯುವುದು ನನ್ನ ಅಭ್ಯಾಸ. ಲೈಮ್‌ಹೌಸ್ ಸ್ಟೇಷನ್ನಿನಲ್ಲಿ ಡಿಎಲ್‌ಆರ್ ಲಘು ರೈಲು ಹತ್ತಿದರೆ ನಗರದ ನಡುವಿನ ಬ್ಯಾಂಕ್ ಸ್ಟೇಷನ್ ಎರಡನೇ ಸ್ಟಾಪ್. ಅದೇ ಸ್ಟೇಷನ್ನಿನಿಂದ ಸಿ2ಸಿ ರೈಲು ಹಿಡಿದು ವೆಸ್ಟ್ ಹ್ಯಾಮ್‌ನಲ್ಲಿ ಬದಲಿಸಿದರೆ ಈಸ್ಟ್ ಹ್ಯಾಮ್: ಕರಿಬೇವು, ಇಡ್ಲಿ ರವೆ, ತೆಂಗಿನಕಾಯಿ, ಸೋಮಾರಿತನ ಬಂದರೆ ದೋಸೆ. ದೋಣಿಯಲ್ಲೇ ಅಡುಗೆ ಮಾಡಿ ಉಣ್ಣುವ ನಮಗೆ ಈ ಒಂದು ರೈಲು ಟವರ್ ಬ್ರಿಡ್ಜಿನ ನೋಟಕ್ಕಿಂತ ಹೆಚ್ಚು.

ಟವರ್ ಬ್ರಿಡ್ಜ್ ಎತ್ತಿಸಿಕೊಂಡು ಹೋಗಬಹುದಾ ಎಂದು ಊರಿನವರೆಲ್ಲ ಕೇಳುತ್ತಾರೆ. ಹೋಗಬಹುದು, ಎತ್ತರದ ಹಾಯಿಕಂಬವಿದ್ದರೆ ಒಂದು ದಿನ ಮೊದಲು ತಿಳಿಸಬೇಕು, ದುಡ್ಡಿಲ್ಲ. ಆದರೆ ಈ ಮೂರೂ ಮರೀನಾ ಬ್ರಿಡ್ಜಿಗಿಂತ ಕೆಳಗೆ, ಸಮುದ್ರದ ಕಡೆಗೇ ಇವೆ, ಮತ್ತು ಮುಂದಿನ ಲಂಡನ್ ಬ್ರಿಡ್ಜ್ ಏಳುವುದಿಲ್ಲ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಪ್ರತಿಮೆಗೆ ನಮಸ್ಕಾರ ಹಾಕಬೇಕಾದರೆ ದೋಣಿ ಇಲ್ಲೇ ಕಟ್ಟಿ ರೈಲಿನಲ್ಲೇ ಹೋಗಿ.

ಅಪ್ಪ ಅಮ್ಮ ಊರಿಂದ ಬಂದು ಒಂದೇ ಸಲ ಲಂಡನ್ ನೋಡಿ ಹೋಗುವುದಾದರೆ, ಮೊಣಕಾಲು ನೋವಿದ್ದರೆ, ಸೇಂಟ್ ಕ್ಯಾಥರೀನ್‌ಗೇ ದುಡ್ಡು ಸುರಿಯಿರಿ. ಅವರನ್ನು ಕರೆತಂದಾಗ ನಾನೂ ಅದನ್ನೇ ಮಾಡುವವನು. ಎಂಜಿನ್ ಬಲವಾಗಿದ್ದವರಿಗೆ ಬಾಗಿಲಿನ ಹೊತ್ತು ಅಷ್ಟು ಕಾಡುವುದೂ ಇಲ್ಲ. ಉಳಿದ ವಾರಾಂತ್ಯಗಳಿಗೆ ನಾವು ಲೈಮ್‌ಹೌಸ್‌ಗೇ ಫೋನ್ ಮಾಡುತ್ತೇವೆ, ಅದೂ ಹುಣ್ಣಿಮೆಗೆ ಎರಡು ವಾರ ಮುಂಚೆ, ಯಾಕೆಂದರೆ ಬೇಸಿಗೆಯಲ್ಲಿ ಜಾಗ ಬೇಗ ತುಂಬುತ್ತದೆ.