ಮೈ ಹೀರೋ ಅಕಾಡೆಮಿಯಾ: ಬಾಣಂತನದಲ್ಲಿ ಶುರುವಾಗಿ ಏಳು ವರ್ಷಕ್ಕೆ ಮುಗಿದದ್ದು

2018ರಲ್ಲಿ ಹೆರಿಗೆಗೆಂದು ತವರಿಗೆ ಹೋಗಿದ್ದೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕೋಣೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ತಮ್ಮ ಮಂಚದ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಜಪಾನಿ ಕಾರ್ಟೂನು ನೋಡುತ್ತಿದ್ದ. "ಬಾಣಂತಿ ಕಣ್ಣಿಗೆ ಆಯಾಸ ಆಗುತ್ತೆ ಕಣೋ, ಆಚೆ ತಗೊಂಡ್ಹೋಗೋ ಅದನ್ನ" ಅಂತ ಅಮ್ಮ ಬೈಯುತ್ತಲೇ ಇದ್ದಳು. ನಾನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದೆ. ಹಾಗೆ ಹಿಡಿದದ್ದು 2025ರ ಡಿಸೆಂಬರ್‌ನಲ್ಲಿ ಮುಗಿಯಿತು. ಎಂಟು ಸೀಸನ್, ಒಟ್ಟು 170 ಎಪಿಸೋಡು. ಒಂದನ್ನೂ ಬಿಟ್ಟಿಲ್ಲ, ಕೆಲವನ್ನು ನಾಲ್ಕೈದು ಸಲ ನೋಡಿದ್ದೇನೆ. ಅಷ್ಟರ ಮೇಲೆ ಬರೆಯುತ್ತಿರುವ ಅಭಿಪ್ರಾಯ ಇದು. ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ, ಬೇಡದವರು ಇಲ್ಲಿಗೇ ನಿಲ್ಲಿಸಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಜಗತ್ತಿನ ನೂರಕ್ಕೆ ಎಂಬತ್ತು ಜನಕ್ಕೆ ನಾಲ್ಕು ವರ್ಷ ತುಂಬುವುದರೊಳಗೆ ಒಂದಲ್ಲ ಒಂದು ವಿಶೇಷ ಶಕ್ತಿ ಬರುವ ಕಾಲ ಅದು. ಅದಕ್ಕೆ ಅವರು ಕ್ವಿರ್ಕ್ ಅನ್ನುತ್ತಾರೆ. ಹೀರೋ ಅನ್ನುವುದು ಸರ್ಕಾರಿ ಲೈಸೆನ್ಸ್ ಇರುವ ವೃತ್ತಿ. ಇಜುಕು ಮಿದೋರಿಯಾ ಅನ್ನುವ ಹುಡುಗನಿಗೆ ಮಾತ್ರ ಶಕ್ತಿ ಇಲ್ಲ, ಹೀರೋ ಆಗುವ ಹುಚ್ಚು ಬೆಟ್ಟದಷ್ಟು. ಜೊತೆಯಲ್ಲೇ ಬೆಳೆದ ಬಾಕುಗೋ ಅನ್ನುವ ಹುಡುಗ ಇಟ್ಟ ಅಡ್ಡಹೆಸರು ದೆಕು. ನಮ್ಮ ಕಡೆ ದಂಡಪಿಂಡ ಅಂತೀವಲ್ಲ, ಹತ್ತಿರ ಹತ್ತಿರ ಅದೇ. ಕೋಹೆಯ್ ಹೊರಿಕೋಶಿ 2014ರಿಂದ 2024ರವರೆಗೆ ಹತ್ತು ವರ್ಷ ಬರೆದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಇದರ ಮೂಲ. ಬೋನ್ಸ್ ಸ್ಟುಡಿಯೋ ಮಾಡಿದ ಆನಿಮೆ, ಅಂದರೆ ಕಾರ್ಟೂನು ಸರಣಿ, 2016ರಲ್ಲಿ ಶುರುವಾಯಿತು.

ಮೊದಲ ಎಪಿಸೋಡಿನ ಒಂದು ದೃಶ್ಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ದೆಕುಗೆ ನಾಲ್ಕು ವರ್ಷ. ಡಾಕ್ಟರ್ ಕಾಲಿನ ಎಕ್ಸ್‌ರೇ ಇಟ್ಟುಕೊಂಡು, ಕಿರುಬೆರಳಿನಲ್ಲಿ ಎರಡು ಕೀಲಿದೆ, ಇಂಥವರಿಗೆ ಶಕ್ತಿ ಬರುವುದಿಲ್ಲ, ಆಸೆ ಬಿಟ್ಟುಬಿಡಿ ಅಂದುಬಿಡುತ್ತಾನೆ. ಹುಡುಗನ ಕೈಯಿಂದ ಆಟಿಕೆ ಜಾರಿ ಬೀಳುತ್ತದೆ. ಆ ರಾತ್ರಿ ದೀಪ ಹಾಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ತನ್ನ ಆರಾಧ್ಯ ಹೀರೋ ಆಲ್ ಮೈಟ್ ನಗುನಗುತ್ತಾ ಜನರನ್ನು ಕಾಪಾಡುವ ಹಳೆಯ ವಿಡಿಯೋ ಹಾಕಿಕೊಳ್ಳುತ್ತಾನೆ. ತಿರುಗಿ ಅಮ್ಮನನ್ನು ಕೇಳುತ್ತಾನೆ, ನಾನೂ ಹೀಗೆ ಆಗಬಹುದಾ ಅಂತ. ಅಮ್ಮ ಇಂಕೋ ಓಡಿಬಂದು ತಬ್ಬಿಕೊಂಡು, ಸಾರಿ, ಸಾರಿ ಅಂತ ಅಳುತ್ತಾಳೆ.

ಮೊದಲ ಸಲ ನೋಡಿದಾಗ, ಎಂಥಾ ಅಳುಬುರುಕಿ ಇವಳು ಅಂದುಕೊಂಡಿದ್ದೆ. ದೆಕುಗೆ ಬೇಕಿದ್ದ ಉತ್ತರ ಅದಲ್ಲವೇ ಅಲ್ಲ. ಬೇಕಿದ್ದ ಉತ್ತರ ಸಿಗುವುದು ಎರಡನೇ ಎಪಿಸೋಡಿನ ಕೊನೆಗೆ, ನಡುರಸ್ತೆಯಲ್ಲಿ, ಆಲ್ ಮೈಟ್ ಬಾಯಿಂದ: ನೀನು ಹೀರೋ ಆಗಬಲ್ಲೆ. ಹುಡುಗ ಎದೆ ಹಿಡಿದುಕೊಂಡು ಬಗ್ಗಿ ಅಳುತ್ತಾನೆ. ಮುಂದೆ ಆಲ್ ಮೈಟ್ ತನ್ನ ಶಕ್ತಿಯನ್ನೇ ಅವನಿಗೆ ದಾಟಿಸುತ್ತಾನೆ. ಹತ್ತು ವರ್ಷ ಕಾದ ಮಾತು ಹೊರಗಿನವನೊಬ್ಬ ಹೇಳಿದ, ಹೆತ್ತವಳು ಹೇಳಲಿಲ್ಲ ಅನ್ನುವುದು ಆಗ ನನ್ನ ತಕರಾರು.

ಮಗನಿಗೆ ಮೂರೂವರೆ ವರ್ಷ ಆದಾಗ ಉಬ್ಬಸ ಅಂತ ಗೊತ್ತಾಯಿತು. ಡಾಕ್ಟರ್ ಸಮಾಧಾನವಾಗಿಯೇ ಹೇಳಿದರು, ಇನ್‌ಹೇಲರ್ ಬರೆದುಕೊಟ್ಟರು, ಸದ್ಯಕ್ಕೆ ಓಡಾಟ ಕಡಿಮೆ ಇರಲಿ ಅಂದರು. ಆಟೋದಲ್ಲಿ ಬರುವಾಗ ಅವನು, "ಅಮ್ಮ, ನಾನು ಅಣ್ಣನ ಥರ ರನ್ನಿಂಗ್ ರೇಸ್ ಓಡಬೋದಾ?" ಅಂತ ದೊಡ್ಡಪ್ಪನ ಮಗನ ಹೆಸರು ಹೇಳಿ ಕೇಳಿದ. ನನ್ನ ಬಾಯಿಗೆ ಬಂದದ್ದು, "ಸಾರಿ ಪುಟ್ಟ." ಅಷ್ಟೇ. ರಾತ್ರಿ ಮಲಗಿದಾಗ ಇಂಕೋ ನೆನಪಾಗಿ ಎದ್ದು ಕೂತೆ.

ಅಲ್ಲಿಂದ ಈ ಸರಣಿಯನ್ನು ನೋಡುವ ದಾರಿಯೇ ಬೇರೆಯಾಯಿತು. ಸುಮ್ಮನೆ ಅಳುವವಳು ಅಂದುಕೊಂಡ ಇಂಕೋಳದ್ದೇ ಒಂದು ಕಥೆ ಒಳಗೊಳಗೆ ನಡೆಯುತ್ತಿದೆ. ಮಗ ಹೀರೋಗಳನ್ನು ತಯಾರು ಮಾಡುವ ಯು.ಎ. ಶಾಲೆಗೆ ಸೇರಿದಾಗ, ಅವನ ನೋಟ್‌ಬುಕ್ಕಿನ ಚಿತ್ರ ಕದ್ದು ನೋಡಿಕೊಂಡಿದ್ದವಳು ಹಸಿರು ಜಂಪ್‌ಸೂಟ್ ಒಂದನ್ನು ತಂದುಕೊಡುತ್ತಾಳೆ. ಅವತ್ತು ನಿನಗೆ ಆಡಬಾರದ ಮಾತು ಆಡಿಬಿಟ್ಟೆ, ನೀನು ಮಾತ್ರ ಬಿಡಲಿಲ್ಲ, ಇನ್ನು ಮೇಲೆ ನಿನ್ನ ಬೆನ್ನಿಗೆ ನಾನಿದ್ದೇನೆ ಅನ್ನುತ್ತಾಳೆ. ದುಡ್ಡು ಸುರಿದು ಮಾಡಿಸಿದ ವೇಷಗಳ ಮಧ್ಯೆ ದೆಕು ಅದನ್ನೇ ಹಾಕಿಕೊಂಡು ಬರುತ್ತಾನೆ.

ಮೂರನೇ ಸೀಸನ್‌ನಲ್ಲಿ ಇದೇ ತಾಯಿ ಎದುರು ನಿಲ್ಲುತ್ತಾಳೆ. ದೆಕುನ ಕೈಗಳು ಮುರಿದು ಮುರಿದು, ಇನ್ನೂ ಹೀಗೇ ಆದರೆ ಕೈ ಕೆಲಸಕ್ಕೆ ಬರುವುದಿಲ್ಲ ಅಂತ ವೈದ್ಯರು ಹೇಳಿದ್ದಾರೆ. ಈಗ ಶಾಲೆಯವರು ಮಕ್ಕಳನ್ನು ಹಾಸ್ಟೆಲ್‌ಗೆ ಹಾಕುತ್ತೇವೆ ಅಂತ ಮನೆಗೆ ಕೇಳಲು ಬರುತ್ತಾರೆ. ಇಂಕೋ ಒಲ್ಲೆ ಅನ್ನುತ್ತಾಳೆ. ಆಗ ಆಲ್ ಮೈಟ್, ಜಪಾನಿನ ನಂಬರ್ ಒನ್ ಹೀರೋ ಆಗಿದ್ದವನು, ಕೋಟಿನೊಳಗೆ ಮೂಳೆ ಚಕ್ಕಳ ಮಾತ್ರ ಉಳಿದವನು, ಆ ಪುಟ್ಟ ಮನೆಯ ನೆಲಕ್ಕೆ ಹಣೆ ಹಚ್ಚಿ ಬೇಡಿಕೊಳ್ಳುತ್ತಾನೆ. ಸೂಪರ್‌ಹೀರೋ ಕಥೆಯಲ್ಲಿ ಒಬ್ಬ ಗೃಹಿಣಿಯ ಒಪ್ಪಿಗೆಗೆ ಇಷ್ಟು ಬೆಲೆ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಂಕೋ ಒಪ್ಪುತ್ತಾಳೆ, ಆದರೆ ಷರತ್ತು ಹಾಕಿ: ನೀವು ಬದುಕಿದ್ದು ಅವನನ್ನು ಬೆಳೆಸಬೇಕು.

ಹೊಡೆದಾಟ ಹೇಗಿದೆ ಅಂತ ಕೇಳುವವರಿಗೆ, ಅದೇ ಸೀಸನ್ನಿನಲ್ಲಿ ಕಾಮಿನೋ ಅನ್ನುವ ಜಾಗದಲ್ಲಿ ನಡೆಯುವ ಕಾಳಗ ಸಾಕು. ಮೈಯೆಲ್ಲ ಕರಗಿಹೋಗಿ ಬಲಗೈ ಒಂದು ಮಾತ್ರ ಉಬ್ಬಿನಿಂತ ಆಲ್ ಮೈಟ್, ಕೊನೆಗೆ ಕ್ಯಾಮೆರಾ ಕಡೆ ಬೆರಳು ತೋರಿಸಿ, ಇನ್ನು ನಿನ್ನ ಸರದಿ ಅನ್ನುತ್ತಾನೆ. ಜನಕ್ಕೆ ಅದು ಜೈಕಾರ. ದೆಕುಗೆ ಮಾತ್ರ ಗೊತ್ತು, ಅದು ವಿದಾಯ. ಯೂಕಿ ಹಯಾಶಿಯ ಸಂಗೀತವನ್ನು ಈಗ ನಾನು ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತೇನೆ, ಕುಕ್ಕರ್ ತಳ ಕೂಡ ಹೊಳೆಯುತ್ತೆ.

ಕ್ಷಮೆಯ ವಿಷಯದಲ್ಲೂ ಈ ಸರಣಿ ಅವಸರ ಮಾಡುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ದೆಕುನ ಸಹಪಾಠಿ ತೊದೊರೋಕಿಯ ಅಪ್ಪ, ಹೀರೋ ಎಂಡೆವರ್, ಮಗನನ್ನು ನಂಬರ್ ಒನ್ ಮಾಡುವ ಹಟದಲ್ಲಿ ಮನೆಯ ನೆಮ್ಮದಿಯನ್ನೇ ಸುಟ್ಟವನು. ತಾಯಿ ನೊಂದು ನೊಂದು ಬುದ್ಧಿ ಕಲಕಿ ಆ ಮಗನ ಮುಖಕ್ಕೇ ಕುದಿನೀರು ಸುರಿದವಳು. ಅಪ್ಪ ಮುಂದೆ ಬದಲಾಗುತ್ತಾನೆ. ಆದರೂ ಇನ್ನೊಬ್ಬ ಮಗ ನತ್ಸುವೊ, ನಿನ್ನನ್ನು ಕ್ಷಮಿಸಲಾರೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ಕಥೆ ಅವನನ್ನು ಕೆಟ್ಟವನನ್ನಾಗಿ ಮಾಡುವುದಿಲ್ಲ. ನಮ್ಮ ಧಾರಾವಾಹಿ ಆಗಿದ್ದರೆ ಎಲ್ಲರೂ ಕಾಲಿಗೆ ಬಿದ್ದು ಹಬ್ಬದೂಟ ಮಾಡುತ್ತಿದ್ದರು.

ಕೊರತೆ ಇಲ್ಲವೇ? ಬೇಕಾದಷ್ಟಿದೆ. ಐದನೇ ಸೀಸನ್ನಿನಲ್ಲಿ ಎರಡು ತರಗತಿಗಳ ತರಬೇತಿ ಪಂದ್ಯ ಹಿಟ್ಟಿಗೆ ನೀರು ಹೆಚ್ಚಾದ ಹಾಗೆ ಹರಡಿಕೊಂಡಿದೆ. ನಾನು ಎರಡು ಸಲ ಬಿಟ್ಟು, ತಮ್ಮನ ಒತ್ತಾಯಕ್ಕೆ ಮುಗಿಸಿದೆ. ಮಿನೆತಾ ಅನ್ನುವ ಹುಡುಗ ಹುಡುಗಿಯರ ಮೇಲೆ ಮಾಡುವ ಚೇಷ್ಟೆ ತಮಾಷೆಯಲ್ಲ, ಅಸಹ್ಯ. ಹುಡುಗಿಯರ ಪಾತ್ರಗಳಿಗೆ ಇನ್ನಷ್ಟು ಜಾಗ ಬೇಕಿತ್ತು. ದೆಕುನ ಸಹಪಾಠಿ ಉರಾರಕಾ ಆರನೇ ಸೀಸನ್ನಿನಲ್ಲಿ ಶಾಲೆಯ ಮಾಳಿಗೆ ಹತ್ತಿ, ಹೆದರಿ ನಿಂತ ಜನಕ್ಕೆ ದೆಕುನನ್ನು ಒಳಗೆ ಬಿಡಿ ಅಂತ ಕೂಗಿ ಹೇಳುವುದನ್ನು ನೋಡಿದರೆ ಎಷ್ಟು ಕಳೆದುಕೊಂಡೆವು ಅಂತ ತಿಳಿಯುತ್ತದೆ. ಕನ್ನಡದ ಡಬ್ಬಿಂಗ್ ನನಗೆ ಸಿಗಲಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡೇ ನೋಡಿದೆ. ನಾನು ಚಂದಾ ಕಟ್ಟಿದ್ದ ಒಂದು ಆ್ಯಪ್‌ನಲ್ಲಿ ಸಬ್‌ಟೈಟಲ್ ಮಾತಿಗಿಂತ ಎರಡು ಸೆಕೆಂಡ್ ಮುಂದೆ ಓಡುತ್ತಿತ್ತು, ಸಾಯುವವನು ಸಾಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಮಕ್ಕಳಿಗೆ ತೋರಿಸಬಹುದಾ ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಬಣ್ಣ ನೋಡಿ ಮೋಸ ಹೋಗಬೇಡಿ. ಮೊದಲ ಎಪಿಸೋಡಿನಲ್ಲೇ ಬಾಕುಗೋ, ಮುಂದಿನ ಜನ್ಮದಲ್ಲಿ ಶಕ್ತಿ ಸಿಗಲಿ ಅಂತ ಮಾಳಿಗೆಯಿಂದ ಹಾರು ಅಂತ ದೆಕುಗೆ ಹೇಳುತ್ತಾನೆ. ಆ ಮಾತಿಗೆ ಅವನು ತಲೆಬಾಗಿ ಕ್ಷಮೆ ಕೇಳುವುದು ಆರನೇ ಸೀಸನ್ನಿಗೆ. ಹತ್ತು ಹನ್ನೆರಡು ವರ್ಷ ದಾಟಿದವರಿಗೆ, ಪಕ್ಕದಲ್ಲಿ ಕೂತು ತೋರಿಸಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಮಿನೆತಾ ತಿಂದ.

ನಾನೇ ಹೇಳಿದ ವಯಸ್ಸಿನ ನಿಯಮ ನಾನೇ ಮುರಿದೆ. ಹೋದ ತಿಂಗಳು ಮಗ, ಈಗ ಏಳು ವರ್ಷ, ಹಟ ಮಾಡಿದ ಅಂತ ಡಾಕ್ಟರ್ ದೃಶ್ಯದಿಂದ ಐದು ನಿಮಿಷ ಮಾತ್ರ ಹಾಕಿದೆ, ರಿಮೋಟ್ ಕೈಯಲ್ಲೇ ಹಿಡಿದುಕೊಂಡು. ಇಂಕೋ ತಬ್ಬಿಕೊಂಡು ಅಳುವಾಗ ಅವನು ತಲೆ ಓರೆಮಾಡಿ ನೋಡಿದ. "ಅವರಮ್ಮ ಯಾಕೆ ಸಾರಿ ಅಂತಿದ್ದಾರೆ? ಏನು ತಪ್ಪು ಮಾಡಿದ್ರು?" ಅಂದ. ಏನೂ ಮಾಡಿಲ್ಲ ಕಣೋ, ಅವರಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ ಅಂದೆ. "ಹೂಂ ಅನ್ಬೋದಿತ್ತಲ್ಲ" ಅಂದು ಇನ್‌ಹೇಲರ್ ಜೇಬಿಗೆ ಹಾಕಿಕೊಂಡು ಕೆಳಗೆ ಸೈಕಲ್ ಹೊಡೆಯಲು ಹೋದ.