ಎಂ.ಎಲ್.ಕ್ಯು. ಪ್ರಶ್ನಾವಳಿ: ಕಾಸರಗೋಡಿನ ಕಾಲೇಜುಗಳಿಗೆ ಎಷ್ಟು ಹೊಂದೀತು?

ವಿಭಾಗ ಮುಖ್ಯಸ್ಥರ ನಡವಳಿಕೆಗೂ ಅಧ್ಯಾಪಕರ ಹುಮ್ಮಸ್ಸಿಗೂ ಇರುವ ನಂಟನ್ನು ಅಳೆಯಹೊರಟವರು ಹೆಚ್ಚಾಗಿ ಎತ್ತಿಕೊಳ್ಳುವುದು ಬಾಸ್ ಮತ್ತು ಅವೋಲಿಯೊ ಎಂಬ ಸಂಶೋಧಕರ ಎಂ.ಎಲ್.ಕ್ಯು.ವನ್ನು (ಮಲ್ಟಿಫ್ಯಾಕ್ಟರ್ ಲೀಡರ್‌ಶಿಪ್ ಕ್ವೆಶ್ಚನೇರ್, ಅಂದರೆ ನಾಯಕತ್ವದ ಹಲವು ಮುಖಗಳನ್ನು ಅಳೆಯುವ ಪ್ರಶ್ನಾವಳಿ). 5ಎಕ್ಸ್ ಆವೃತ್ತಿಯಲ್ಲಿ 45 ಹೇಳಿಕೆಗಳಿವೆ, ಅಂಕ 0ಯಿಂದ 4. ನಾಯಕತ್ವದ 9 ಮುಖಗಳಿಗೆ ತಲಾ 4 ಹೇಳಿಕೆ, ಉಳಿದ 9 ಫಲಿತಾಂಶಕ್ಕೆ. ಇದು ಪುಕ್ಕಟೆಯಲ್ಲ, ಮೈಂಡ್ ಗಾರ್ಡನ್ ಎಂಬ ಪ್ರಕಾಶನ ಸಂಸ್ಥೆಯಿಂದ ಪರವಾನಗಿ ಕೊಳ್ಳಬೇಕು.

ತಪ್ಪು ಹುಡುಕುತ್ತಲೇ ಇರುವವರು, ಕೆಟ್ಟ ಮೇಲೆ ಏಳುವವರು, ಯಾವುದಕ್ಕೂ ತಲೆಹಾಕದವರು: ಈ ಮೂವರನ್ನು ಬೇರೆಬೇರೆಯಾಗಿ ತೂಗುವುದು ಇದರ ದೊಡ್ಡ ಗುಣ. ಸ್ಟಾಫ್ ರೂಮಿನ ಮಾತಿನಲ್ಲಿ ಮೂವರೂ ಬರೇ 'ಸರಿ ಇಲ್ಲ'!

ತೊಡಕು ಇರುವುದು 'ಕೆಲಸಕ್ಕೆ ತಕ್ಕ ಪ್ರತಿಫಲ' ಎಂಬ ಭಾಗದಲ್ಲಿ. ಕಾಸರಗೋಡು, ಮಂಜೇಶ್ವರದ ಸರಕಾರಿ ಕಾಲೇಜುಗಳಲ್ಲಿ ಸಂಬಳ ಟ್ರೆಜರಿಯಿಂದ, ಬಡ್ತಿ ಯುಜಿಸಿ ನಿಯಮದಂತೆ. ಮುಖ್ಯಸ್ಥರ ಕೈಯಲ್ಲಿ ಉಳಿಯುವುದು ಟೈಮ್‌ಟೇಬಲ್, ಪೇಪರ್ ಹಂಚಿಕೆ, ಡ್ಯೂಟಿ ಲೀವಿಗೆ ಶಿಫಾರಸು, ಬಡ್ತಿ ಫೈಲನ್ನು ತಡೆಯದೆ ಮುಂದೆ ಕಳಿಸುವುದು. 2024ರಲ್ಲಿ ನಾಲ್ಕು ವರ್ಷದ ಪದವಿ ಬಂದ ಮೇಲಂತೂ ಯಾರಿಗೆ ಯಾವ ಪೇಪರ್ ಎಂಬುದೇ ದೊಡ್ಡ ವಿಷಯ. ಮಲಯಾಳದಲ್ಲಿ ಬಂದ ಆದೇಶವನ್ನು ಕನ್ನಡ ವಿಭಾಗದವರಿಗೆ ಬಿಡಿಸಿ ಹೇಳುವ ಮುಖ್ಯಸ್ಥರಿಗೆ ಇಲ್ಲಿ ನೇರವಾದ ಅಂಕವಿಲ್ಲ. ಮೂಲ ಹೇಳಿಕೆಗಳನ್ನು ತಿದ್ದಬೇಡಿ. ಇಂಥ ನಾಲ್ಕೈದು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಕೇಳಿ.

ಇನ್ನೊಂದು, ಇದು ಪ್ರೇರಣೆಯನ್ನು ಅಳೆಯುವುದಿಲ್ಲ. 'ಹೆಚ್ಚುವರಿ ಶ್ರಮ'ದ 3 ಹೇಳಿಕೆಗಳನ್ನೇ ಪ್ರೇರಣೆ ಎಂದು ಬರೆಯುವ ಪ್ರಬಂಧಗಳನ್ನು ನಂಬುವುದು ಕಷ್ಟ. ಕೆಲಸದ ಪ್ರೇರಣೆಯನ್ನೇ ಅಳೆಯುವ, 18 ಹೇಳಿಕೆಗಳ ವೀಮ್ಸ್ ಮಾಪನವನ್ನು ಜೊತೆಗೆ ಕೊಡಿ, ಅದೂ ಎರಡು ವಾರ ಬಿಟ್ಟು. ಒಂದೇ ಕೂತಲ್ಲಿ ಎರಡನ್ನೂ ತುಂಬಿಸಿದರೆ ಆ ದಿನದ ಮನಸ್ಥಿತಿಯೇ ಎರಡರಲ್ಲೂ ಇಳಿದು, ಇಲ್ಲದ ಸಂಬಂಧ ಕಾಣಿಸುತ್ತದೆ.

ಮೆಚ್ಚಿದ ಮುಖ್ಯಸ್ಥರಿಗೆ ಎಲ್ಲ ಕಡೆ 4 ಹಾಕುವ ಅಭ್ಯಾಸ ಎಲ್ಲ ಊರಿನಲ್ಲೂ ಇದೆ. ಜಡ್ಜ್ ಮತ್ತು ಪಿಕೊಲೊ 2004ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪರಿವರ್ತನಶೀಲ ನಾಯಕತ್ವಕ್ಕೂ (ಜೊತೆಗಿರುವವರಲ್ಲಿ ಹುರುಪು ತುಂಬಿ ಬೆಳೆಸುವ ಬಗೆ) 'ಕೆಲಸಕ್ಕೆ ತಕ್ಕ ಪ್ರತಿಫಲ'ದ ಬಗೆಗೂ ನಡುವೆ 0.80 ಸಹಸಂಬಂಧ ಕಂಡಿತ್ತು, ಅಂದರೆ ಒಂದರ ಅಂಕ ಏರಿದರೆ ಇನ್ನೊಂದರದ್ದೂ ಹೆಚ್ಚಾಗಿ ಏರುತ್ತದೆ. ಹಾಗಾಗಿ ನಲವತ್ತು ಮಂದಿ ಅಧ್ಯಾಪಕರ ಮಾಹಿತಿಯಲ್ಲಿ ಒಂಬತ್ತೂ ಮುಖಗಳನ್ನು ಒಟ್ಟಿಗೆ ರಿಗ್ರೆಶನ್‌ಗೆ (ಯಾವ ಮುಖದ ಪ್ರಭಾವ ಎಷ್ಟೆಂದು ಬೇರ್ಪಡಿಸುವ ಲೆಕ್ಕ) ಹಾಕಿದರೆ ಬರುವ ಅಂಕಿಗಳಿಗೆ ಅರ್ಥವಿರದು.

ಚಿಕ್ಕ ವಿಭಾಗಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. ನಾಲ್ವರಲ್ಲಿ ಮೂವರು 3 ಕೊಟ್ಟು ಒಬ್ಬರು 0 ಕೊಟ್ಟರೆ ಸರಾಸರಿ 2.25, ಆ ಒಬ್ಬರು ಯಾರೆಂದು ಮುಖ್ಯಸ್ಥರಿಗೆ ಹೇಳಿಕೊಡಬೇಕಾಗಿಲ್ಲ. ವಿಭಾಗವಾರು ಫಲಿತಾಂಶ ಬೇಡ, ಕಾಲೇಜುಗಳನ್ನು ಕೂಡಿಸಿ ಕೊಡಿ. ಅತಿಥಿ ಅಧ್ಯಾಪಕರ ಹಾಳೆಗಳನ್ನು ಬೇರೆಯೇ ಇಡಿ. ಮುಂದಿನ ವರ್ಷದ ಚಿಂತೆ ಇರುವವರು 0 ಹಾಕುವ ಧೈರ್ಯ ಮಾಡುವುದಿಲ್ಲ.

ಪಿಎಚ್.ಡಿ. ಅಧ್ಯಯನಕ್ಕೆ ಕೊಳ್ಳಬಹುದು. ಕಾಲೇಜಿನ ಒಳಗಿನ ಮೌಲ್ಯಮಾಪನಕ್ಕೆ ದುಡ್ಡು ದಂಡ.