ಹಳೇ ಪೈಪ್ ಮಾರುವ ಮುಂಚೆ ತಿಕ್ಕಬೇಕಾ, ಬೇಡ್ವಾ?

ಹೊಗೆಸೊಪ್ಪು ಸೇದುವ ಒಂದೇ ನಮೂನೆಯ ಎರಡು ಪೈಪ್ ಒಂದೇ ಡಬ್ಬಿಯಲ್ಲಿ ಸಿಗದಿದ್ದರೆ ನಾನು, ತಿಕ್ಕಿದ್ದು ಮೇಲೋ ತಿಕ್ಕದ್ದು ಮೇಲೋ ಅನ್ನುವ ಈ ಹೋಲಿಕೆಗೆ ಕೈ ಹಾಕುತ್ತಲೇ ಇರಲಿಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದಲ್ಲಿ ಭಾನುವಾರ ಬೆಳಿಗ್ಗೆ ಕಾರ್ ಬೂಟ್ ಸಂತೆ, ಅಂದರೆ ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಸಂತೆ ಸೇರುತ್ತದೆ. ಅಲ್ಲಿ ಹಳೇ ಮನೆ ಖಾಲಿ ಮಾಡಿಸುವ ವ್ಯಾಪಾರಿಯೊಬ್ಬರ ಮೇಜಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಒಳಗೆ ಐದು ಪೈಪ್. ಎರಡು ಐರ್ಲೆಂಡಿನ ಪೀಟರ್ಸನ್ ಕಂಪನಿಯ ಸಿಸ್ಟಮ್ ಸ್ಟ್ಯಾಂಡರ್ಡ್, ಎರಡಕ್ಕೂ 307 ಅನ್ನುವ ಆಕಾರದ ನಂಬರು. ಒಂದು ಲಂಡನ್ನಿನ ಕೊಮಾಯ್ಸ್ ಕಂಪನಿಯದು. ಒಂದು ಡನ್‌ಹಿಲ್ ಕಂಪನಿಯ ಶೆಲ್. ಇನ್ನೊಂದು ಮೀರ್‌ಶಾಮ್ ಕಲ್ಲಿನದು.

ನಾನು ಹೊಗೆಸೊಪ್ಪು ಸೇದುವವನಲ್ಲ. ನನಗೆ ಇಷ್ಟವಾಗುವುದು ಮರ. ಬ್ರೈಯರ್ ಅಂದರೆ ಮೆಡಿಟರೇನಿಯನ್ ಕಡೆ ಬೆಳೆಯುವ ಒಂದು ಪೊದೆಯ ಬೇರಿನ ಗಂಟು. ಬೆಂಕಿಗೆ ಸುಲಭವಾಗಿ ಸುಡುವುದಿಲ್ಲ. ಒಳ್ಳೆಯ ಗಂಟು ಸಿಕ್ಕಿದರೆ ಅದರ ಎಳೆ ನೋಡುತ್ತಾ ಕೂತುಬಿಡಬಹುದು.

ಐದೂ ಗಲೀಜಾಗಿದ್ದವು. ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ಅಮ್ಮ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೆಂಬನ್ನು ಫಳಫಳ ಅನ್ನುವ ತನಕ ತಿಕ್ಕುತ್ತಿದ್ದರು. ಹಳೇದು ಕೈಗೆ ಬಂದರೆ ತಿಕ್ಕಬೇಕು ಅನ್ನುವುದು ಹಾಗೇ ನನಗೂ ಬಂದಿದೆ. ಆದರೆ ಹಳೇ ಪೈಪ್ ಮಾರುವವರಲ್ಲಿ ಕೆಲವರು ಮುಟ್ಟಲೇಬೇಡಿ ಅನ್ನುತ್ತಾರೆ, ಕೆಲವರು ಕನ್ನಡಿ ಥರ ಮಾಡಿ ಅನ್ನುತ್ತಾರೆ. ಸರಿ, ಮಾಡಿಯೇ ನೋಡೋಣ ಅಂದುಕೊಂಡೆ.

ಮೊದಲನೇ ಪೀಟರ್ಸನ್‌ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿದೆ, ಅಷ್ಟೇ. ಫೋಟೊ ತೆಗೆದು, ಇದ್ದದ್ದು ಇದ್ದ ಹಾಗೆ ಬರೆದು ಮಾರಾಟಕ್ಕೆ ಇಟ್ಟೆ. ಎರಡು ವಾರ ಬರೀ ಪ್ರಶ್ನೆಗಳು. ವಾಸನೆ ಹೇಗಿದೆ? ಕರಿಯ ಕೆಳಗೆ ಬಿರುಕು ಇದೆಯಾ? ಕೊನೆಗೆ 32 ಪೌಂಡಿಗೆ ಹೋಯಿತು.

ಎರಡನೆಯದಕ್ಕೆ ಮೂರು ಸಂಜೆ ಕೂತೆ. ಹೊಗೆಸೊಪ್ಪು ತುಂಬುವ ಬೌಲಿನ ಒಳಗೆ ಇದ್ದಿಲಿನ ಪದರ ಕಟ್ಟಿರುತ್ತದೆ. ಒಂದು ಮಿಲಿಮೀಟರಿನಷ್ಟಿದ್ದರೆ ಅದು ಮರವನ್ನು ಕಾಪಾಡುತ್ತದೆ. ದಪ್ಪವಾದರೆ ಕಾದಾಗ ಅದು ಹಿಗ್ಗುವ ರೀತಿಯೇ ಬೇರೆ, ಮರ ಹಿಗ್ಗುವ ರೀತಿಯೇ ಬೇರೆ. ಆಗ ಬೌಲ್ ಸೀಳುತ್ತದೆ. ರೀಮರ್ ಹಾಕಿ ನಿಧಾನವಾಗಿ ಕೆರೆದೆ. ಸಿಸ್ಟಮ್ ಪೈಪಿನಲ್ಲಿ ಹೊಗೆಯ ತೇವ ಇಳಿಯಲು ಕೆಳಗೊಂದು ಗುಳಿ ಇರುತ್ತದೆ. ಪೀಟರ್ಸನ್ 1890ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯನ್ನು ಆ ಗುಳಿಗೆ ಹಾಕಿ ತೆಗೆದರೆ ಗಟ್ಟಿ ಡಿಕಾಕ್ಷನ್ ಥರ ಕಪ್ಪು. ಹತ್ತು ಕಡ್ಡಿ ಆದರೂ ಕಪ್ಪೇ. ಹದಿನೇಳನೆಯದು ಟೀ ಬಣ್ಣಕ್ಕೆ ಬಂತು. ಆಮೇಲೆ ಬೌಲಿಗೆ ಹತ್ತಿ ತುಂಬಿ, ಆಲ್ಕೋಹಾಲ್ ಬಿಟ್ಟು, ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೋಣೆಯಲ್ಲಿದ್ದ ಹುಳಿವಾಸನೆ ಹೋಗಿತ್ತು.

ಬಾಯಿಗೆ ಇಡುವ ಸ್ಟೆಮ್ ಹಸಿರು ಕಂದು ಬಣ್ಣಕ್ಕೆ ತಿರುಗಿತ್ತು. ಅದು ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು, ಬೆಳಕಿಗೆ ಬಿದ್ದಷ್ಟೂ ಬಣ್ಣ ಕೆಡುತ್ತದೆ. ನೀರು ಹಚ್ಚಿದ ಸ್ಯಾಂಡ್‌ಪೇಪರಿನಲ್ಲಿ 600, 1000, 2000 ನಂಬರು ಅಂತ ನಯವಾಗಿಸುತ್ತಾ ಬಂದೆ. ಉಜ್ಜುವಾಗ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ. ಮರಕ್ಕೆ ಸ್ಟೆಮ್ ಸೇರುವ ಕಡೆಯ ನಿಕ್ಕಲ್ ಪಟ್ಟಿಯನ್ನು ಬಟ್ಟೆಯಲ್ಲಿ ಒರೆಸಿದ್ದು ಮಾತ್ರ. ಆಗ ಅದರ ಮೇಲಿನ ಶ್ಯಾಮ್‌ರಾಕ್ ಎಲೆ, ನಾಯಿ, ಗೋಪುರ ಕಾಣಿಸಿದವು. ಇದನ್ನು ಬೆಳ್ಳಿಯ ಹಾಲ್‌ಮಾರ್ಕ್ ಅಂತ ತಿಳಿದು ಮೋಸಹೋಗುವವರು ಇದ್ದಾರೆ. ಅದು ಕಂಪನಿಯ ಗುರುತು ಅಷ್ಟೇ. ನಿಜವಾದ ಬೆಳ್ಳಿಪಟ್ಟಿ ಆಗಿದ್ದರೆ ಡಬ್ಲಿನ್ನಿನ ಮುದ್ರೆ, ಅಂದರೆ ಕಿರೀಟ ಇರುವ ಹಾರ್ಪ್ ಎಂಬ ತಂತಿವಾದ್ಯದ ಚಿತ್ರ ಇರುತ್ತದೆ.

ಇದು ಎರಡೇ ದಿನಕ್ಕೆ 58 ಪೌಂಡಿಗೆ ಹೋಯಿತು. 26 ಪೌಂಡ್ ಜಾಸ್ತಿ, ಆದರೆ ಆರು ಗಂಟೆ ಕೆಲಸ. ದುಡ್ಡಿನ ಲೆಕ್ಕದಲ್ಲಿ ದೊಡ್ಡ ಲಾಭ ಅಲ್ಲ. ಆದರೂ ನಾನು ತೊಳೆಯುವ ಕಡೆಗೇ. 307 ಕೊಳ್ಳುವವರು ಅದನ್ನು ಸೇದುವವರು. ಯಾರದೋ ಎಂಜಲು ಅವರ ಬಾಯಿಗೆ ಹೋಗಬಾರದು ಅಲ್ವಾ? ಅದಕ್ಕಿಂತ ಮುಖ್ಯ, ಕರಿ ತೆಗೆದ ಮೇಲೆ ಬಿರುಕಿಲ್ಲ ಅಂತ ನಾನು ಕಣ್ಣಾರೆ ನೋಡಿ ಹೇಳಬಹುದು.

ಕೊಮಾಯ್ಸ್ ವಿಷಯ ಬರೆಯಲು ಈಗಲೂ ಸಂಕಟ ಆಗುತ್ತದೆ. ಸ್ನೇಹಿತರ ಗ್ಯಾರೇಜಿನಲ್ಲಿ ತಿರುಗಿಸಿ ಹೊಳಪು ಕೊಡುವ ಬಫಿಂಗ್ ಚಕ್ರ ಇತ್ತು. ಎರಡೇ ನಿಮಿಷ ಹಿಡಿದೆ. ಮರ ಬಂಗಾರದ ಹಾಗೆ ಹೊಳೆಯಿತು, ಎಳೆ ಎದ್ದು ಕಂಡಿತು, ನಾನೂ ಖುಷಿಪಟ್ಟೆ. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದೆ. ಮುಂಚೆ ಸ್ಪಷ್ಟವಾಗಿದ್ದ ‘ಮೇಡ್ ಇನ್ ಲಂಡನ್’ ಅನ್ನುವ ದುಂಡು ಮುದ್ರೆಯಲ್ಲಿ ಅರ್ಧ ಅಕ್ಷರ ಮಾಯ. ಬೌಲಿನ ಅಂಚು ಸವೆದು ದುಂಡಗಾಗಿತ್ತು. ಮರ ಮತ್ತು ಸ್ಟೆಮ್ ಸೇರುವ ಕಡೆ ಮುಂಚೆ ಉಗುರು ಆಡಿಸಿದರೂ ಗೊತ್ತಾಗುತ್ತಿರಲಿಲ್ಲ, ಈಗ ಅಲ್ಲೊಂದು ಸಣ್ಣ ಹಳ್ಳ. ಸೇದುವವರಿಗೆ ಇದೇನೂ ತೊಂದರೆ ಅಲ್ಲ. ಆದರೆ ಸಂಗ್ರಹಿಸುವವರು ಕಾಲ ಗುರುತಿಸುವುದೇ ಆ ಮುದ್ರೆಯಿಂದ. ಹಾಳಾದ ಕತೆಯನ್ನು ಮುಚ್ಚಿಡದೆ ಬರೆದು 25 ಪೌಂಡಿಗೆ ಕೊಟ್ಟೆ. ಕೊಳೆಯ ಸಮೇತ ಇಟ್ಟಿದ್ದ ಪೀಟರ್ಸನ್‌ಗೆ ಬಂದಷ್ಟೂ ಬರಲಿಲ್ಲ. ಕೊಳೆಯನ್ನು ನಾಳೆಯೂ ತೆಗೆಯಬಹುದು. ಸವೆದ ಮುದ್ರೆ ವಾಪಸ್ ಬರುವುದಿಲ್ಲ.

ಹಾಗಾಗಿ ಡನ್‌ಹಿಲ್ ಶೆಲ್ ಹತ್ತಿರ ಹೋಗುವಾಗ ಕೈ ಹಿಡಿತದಲ್ಲಿತ್ತು. 1917ರಲ್ಲಿ ಬಂದ ಈ ನಮೂನೆಯಲ್ಲಿ ಮರಳು ಎರಚಿ ಮೆತ್ತನೆಯ ಮರವನ್ನು ತೆಗೆದುಬಿಡುತ್ತಾರೆ. ಗಟ್ಟಿ ಎಳೆ ಗುಡ್ಡದ ಸಾಲಿನ ಹಾಗೆ ಉಳಿಯುತ್ತದೆ. ಇಂಗ್ಲೆಂಡ್ ಅನ್ನುವ ಪದದ ಪಕ್ಕ ಸ್ವಲ್ಪ ಮೇಲಕ್ಕೆ ಪುಟ್ಟದಾಗಿ 12 ಅಂತ ಇತ್ತು, 1960ಕ್ಕೆ ಅದನ್ನು ಕೂಡಿಸಬೇಕು, ಅಂದರೆ 1972ರದು. ಒಳಗೆ ಪೈಪ್ ಕ್ಲೀನರ್ ಆಡಿಸಿ ವಾಸನೆ ತೆಗೆದೆ. ಆಲ್ಕೋಹಾಲ್ ಒಂದು ಹನಿಯೂ ಹೊರಗೆ ತಾಗದ ಹಾಗೆ ನೋಡಿಕೊಂಡೆ, ತಾಗಿದರೆ ಬಣ್ಣ ಕಿತ್ತುಬರುತ್ತದೆ. ಹೊರಗೆ ಮೆತ್ತನೆಯ ಹಲ್ಲುಜ್ಜುವ ಬ್ರಶ್ ಮಾತ್ರ. ಬಿಳಿ ಚುಕ್ಕೆಯ ಸ್ಟೆಮ್ ಹಸಿರಾಗಿತ್ತು, ಹಾಗೇ ಬಿಟ್ಟೆ. 140 ಪೌಂಡಿಗೆ ಕೊಂಡವರು ಆ ಹಸಿರು ನೋಡಿಯೇ ಧೈರ್ಯ ಬಂತು ಅಂದರು. ಯಾರೂ ಉಜ್ಜಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ ಅಂತ ಕೇಳಿದರು.

ಮೀರ್‌ಶಾಮ್‌ಗೆ ನೀರೂ ಬೇಡ, ಆಲ್ಕೋಹಾಲೂ ಬೇಡ. ಆ ಮೆತ್ತನೆಯ ಬಿಳಿ ಕಲ್ಲು ವರ್ಷಾನುಗಟ್ಟಲೆ ಸೇದಿದ ಮೇಲೆ ಜೇನಿನ ಬಣ್ಣಕ್ಕೆ ಬರುತ್ತದೆ. ಜನ ದುಡ್ಡು ಕೊಡುವುದೇ ಆ ಬಣ್ಣಕ್ಕೆ. ಒಣ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

ಈಗ ಮೇಜಿನ ಮೇಲೆ ಇನ್ನೊಂದು ಕೊಮಾಯ್ಸ್ ಕೂತಿದೆ. ಮುದ್ರೆಯ ಮೇಲೆ ಟೇಪ್ ಅಂಟಿಸಿದ್ದೇನೆ. ಅಂಚಿನ ಕಪ್ಪನ್ನು ಎಂಜಲು ಹಚ್ಚಿದ ಹತ್ತಿಯಲ್ಲಿ ಒರೆಸುತ್ತಿದ್ದೇನೆ. ಕೇಳಲು ಮುಜುಗರ ಅನ್ನಿಸಬಹುದು, ಆದರೆ ಮರದ ಬಣ್ಣ ಕೆಡದೆ ಕಪ್ಪು ಬಿಡುವುದು ಅದಕ್ಕೇ. ದಿನಕ್ಕೆ ಹತ್ತು ನಿಮಿಷ. ಅರ್ಧ ಸುತ್ತು ಆಗಿದೆ.